ಕ್ರುಸೇಡರ್ ಕಿಂಗ್ಸ್ 3 (ಮಧ್ಯಯುಗದ ರಾಜವಂಶ ನಡೆಸುವ ಕಂಪ್ಯೂಟರ್ ಆಟ): ಹೊಸ ರಾಜ ಬಂದ ಕೂಡಲೇ ಸಾಮಂತರು ತಿರುಗಿ ಬೀಳುತ್ತಾರೆ, ತಡೆಯುವುದು ಹೇಗೆ?

ಪ್ರಶ್ನೆ:
ಅಪ್ಪ ಇರುವವರೆಗೆ ಎಲ್ಲರೂ ತೆಪ್ಪಗಿದ್ದರು. ಮಗ ಪಟ್ಟಕ್ಕೆ ಬಂದದ್ದೇ ತಡ, ಮೂವರು ಡ್ಯೂಕ್‌ಗಳು (ದೊಡ್ಡ ಸಾಮಂತರು) ಸ್ವಾತಂತ್ರ್ಯ ಬೇಕು ಅಂತ ಫ್ಯಾಕ್ಷನ್ (ರಾಜನ ವಿರುದ್ಧದ ಬಣ) ಕಟ್ಟಿಕೊಂಡಿದ್ದಾರೆ. ಖಜಾನೆಯಲ್ಲಿ ಚಿನ್ನ ಕಮ್ಮಿ. ಇರುವುದನ್ನೆಲ್ಲ ಉಡುಗೊರೆಗೆ ಸುರಿಯಬೇಕಾ, ಯುದ್ಧ ಆಗಲಿ ಅಂತ ಬಿಡಬೇಕಾ?

ಉತ್ತರ 1:
ಮೂವರಿಗೂ ಹಂಚಬೇಡಿ. ಯಾರ ಸೈನ್ಯ ಜಾಸ್ತಿ ಅಂತ ನೋಡಿ, ಅವನೊಬ್ಬನನ್ನು ಹಿಡಿಯಿರಿ. ನಿಮ್ಮ ಬಲದ ಎದುರು ಫ್ಯಾಕ್ಷನ್‌ನ ಬಲ ಒಂದು ಮಟ್ಟ ದಾಟಿದರೆ ಮಾತ್ರ ಅಸಮಾಧಾನ ಏರುತ್ತಾ ಹೋಗುತ್ತದೆ, ಅದು 100 ಮುಟ್ಟಿದ ಮೇಲೆ ಬೇಡಿಕೆ ಬರುತ್ತದೆ. ದೊಡ್ಡವನು ಹೊರಬಂದರೆ ಉಳಿದಿಬ್ಬರು ಸುಮ್ನೆ ಕೂರಬೇಕು. ಅವನಿಗೆ ಕೌನ್ಸಿಲ್‌ನಲ್ಲಿ (ರಾಜನ ಮಂತ್ರಿಮಂಡಲ) ಜಾಗ ಕೊಟ್ಟಿದ್ದೀರಾ? ಬಲಾಢ್ಯ ಸಾಮಂತರು ಅದು ತಮ್ಮ ಹಕ್ಕು ಅಂದುಕೊಂಡಿರುತ್ತಾರೆ, ಕೊಡದಿದ್ದರೆ ಭಾರೀ ಸಿಟ್ಟು. ಕೆಲಸಕ್ಕೆ ಅಷ್ಟಕ್ಕಷ್ಟೇ ಆದರೂ ಕೂರಿಸಿ.

ಉತ್ತರ 2:
ನಾನಾದರೆ ಭಯ ಹುಟ್ಟಿಸುತ್ತೇನೆ. ಸೆರೆಯಲ್ಲಿರುವವರಿಗೆ ಮರಣದಂಡನೆ ಕೊಟ್ಟರೆ ಡ್ರೆಡ್ (ಜನ ನಿಮಗೆ ಎಷ್ಟು ಹೆದರುತ್ತಾರೆ ಅನ್ನುವ ಅಳತೆ) ಏರುತ್ತದೆ, ಹೆದರಿದ ಸಾಮಂತ ಫ್ಯಾಕ್ಷನ್ ಕಡೆ ತಲೆ ಹಾಕುವುದು ಕಮ್ಮಿ. ಆದರೆ ಸಕಾರಣ ಇಲ್ಲದೆ ಕೊಂದರೆ ಟಿರನಿ (ದಬ್ಬಾಳಿಕೆಯ ಕಳಂಕ) ಬರುತ್ತದೆ, ಆಗ ಇನ್ನೂ ನಾಲ್ಕು ಜನ ಎದುರು ನಿಲ್ಲುತ್ತಾರೆ. ಗೂಢಚಾರರ ಮುಖ್ಯಸ್ಥನನ್ನು ಗುಟ್ಟು ಹುಡುಕಲು ಬಿಡಿ. ಒಬ್ಬ ಸಾಮಂತನ ದೊಡ್ಡ ಗುಟ್ಟು ಸಿಕ್ಕಿ ಸ್ಟ್ರಾಂಗ್ ಹುಕ್ (ಅವನ ಮೇಲೆ ಬಲವಾದ ಹಿಡಿತ) ಕೈಗೆ ಬಂದರೆ ಅವನು ನಿಮ್ಮ ವಿರುದ್ಧ ಸೇರುವ ಹಾಗೇ ಇಲ್ಲ.

ಪ್ರಶ್ನೆ ಕೇಳಿದವರು:
ದೊಡ್ಡ ಡ್ಯೂಕ್ ಆಗಲೇ ಕೌನ್ಸಿಲ್‌ನಲ್ಲಿದ್ದಾನೆ. ಧೈರ್ಯವಂತ ಬೇರೆ, ಡ್ರೆಡ್‌ಗೆ ಜಗ್ಗುವ ಆಸಾಮಿ ಅಲ್ಲ. ಅವನಿಗೆ ಮದುವೆ ಆಗದ ಮಗ ಇದ್ದಾನೆ, ನನಗೊಬ್ಬಳು ತಂಗಿ ಇದ್ದಾಳೆ.

ಉತ್ತರ 1:
ಮತ್ತೇಕೆ ತಡ? ಮದುವೆ ಮಾಡಿ, ಅಲೈಯನ್ಸ್ (ಮೈತ್ರಿ) ಕುದುರಿಸಿ. ಅಲೈಯನ್ಸ್ ಇರುವವರೆಗೆ ಅವನು ಫ್ಯಾಕ್ಷನ್‌ನಲ್ಲಿ ಇರುವಂತಿಲ್ಲ. ಚಿನ್ನಕ್ಕಿಂತ ಇದು ಎಷ್ಟೋ ವಾಸಿ.

ಉತ್ತರ 3:
ಈ ಸಲಕ್ಕೆ ಅದು ಸರಿ. ಆದರೆ ಮುಂದಿನ ಪಟ್ಟಾಭಿಷೇಕದಲ್ಲಿ ಇದೇ ರಗಳೆ ಮತ್ತೆ ಬರುತ್ತದೆ ಅಲ್ವಾ? ಹೊಸ ರಾಜನ ಆಳ್ವಿಕೆ ಚಿಕ್ಕದು ಅನ್ನುವುದಕ್ಕೇ ಸಾಮಂತರ ಅಭಿಪ್ರಾಯ ಕುಸಿಯುತ್ತದೆ, ಮಕ್ಕಳ ನಡುವೆ ಪಾಲಾಗುವ ಉತ್ತರಾಧಿಕಾರ ಇದ್ದರೆ ತಮ್ಮಂದಿರು ಕೌಂಟಿಗಳನ್ನೂ (ಸಣ್ಣ ಪ್ರದೇಶಗಳು) ಹಂಚಿಕೊಂಡು ಹೋಗುತ್ತಾರೆ, ಲೆವಿ (ಯುದ್ಧಕ್ಕೆ ಕರೆಸುವ ಸಾಮಾನ್ಯ ಸೈನ್ಯ) ಇಳಿಯುತ್ತದೆ. ರಾಜನಿಗೆ ವಯಸ್ಸಾಗುತ್ತಿದ್ದಂತೆ ಯುದ್ಧ ನಿಲ್ಲಿಸಿ ಚಿನ್ನ ಕೂಡಿಡಿ, ಅದು ವಾರಸುದಾರನಿಗೇ ಬರುತ್ತದೆ. ಒಬ್ಬನ ಕೈಗೆ ಎರಡು ಡಚಿ (ಡ್ಯೂಕ್ ಆಳುವ ಪ್ರಾಂತ್ಯ) ಹೋಗಲು ಬಿಡಬೇಡಿ. ಕ್ರೌನ್ ಅಥಾರಿಟಿ (ಸಾಮಂತರ ಮೇಲೆ ರಾಜನ ಅಧಿಕಾರ) ಏರಿಸುವುದಿದ್ದರೆ ಹಳೆಯ ರಾಜನ ಕಾಲದಲ್ಲೇ ಮುಗಿಸಿ.

ಯುದ್ಧ ತಪ್ಪದೇ ಇದ್ದರೂ ಹೆದರಬೇಡಿ. ಗೆದ್ದರೆ ಬಂಡೆದ್ದವರು ಸೆರೆಗೆ ಬೀಳುತ್ತಾರೆ, ಟಿರನಿ ಇಲ್ಲದೆ ಅವರ ಪದವಿ ಕಿತ್ತುಕೊಳ್ಳಬಹುದು. ಆ ಡಚಿಗಳನ್ನು ಬೇರೆ ಬೇರೆ ಜನರಿಗೆ ಒಂದೊಂದಾಗಿ ಕೊಡಿ.