ಮಾವಂಗೆ ಫ್ಲೂ, ಇಲ್ಲಿ ಚೀನಾದಲ್ಲಿ ಇಂಗ್ಲಿಷ್ ಮಾತ್ರೆ ಜೊತೆ ಚೀನೀ ಗಿಡಮೂಲಿಕೆ ಕ್ಯಾಪ್ಸೂಲೂ ಬರ್ಕೊಟ್ಟಿದಾರೆ, ಎರಡೂ ಕೊಡ್ಬಹುದಾ?

ದಾವಣಗೆರೆ_ಸೊಸೆ:
ಎಲ್ಲರಿಗೂ ನಮಸ್ಕಾರ. ನಾವಿರೋದು ಗುವಾಂಗ್‌ಝೌನಲ್ಲಿ, ನಮ್ಮನೆಯವ್ರ ಕೆಲಸ ಇಲ್ಲೇ. ಮೂರು ವಾರದ ಹಿಂದೆ ಅತ್ತೆ ಮಾವ ಊರಿಂದ ಬಂದ್ರು. ನಿನ್ನೆ ಬೆಳಿಗ್ಗೆಯಿಂದ ಮಾವಂಗೆ ಚಳಿ ಜ್ವರ, ಮೈಕೈ ನೋವು, 39.2 ತನಕ ಹೋಯ್ತು. ಇವತ್ತು ಆಸ್ಪತ್ರೆಗೆ ಕರ್ಕೊಂಡ್ಹೋದ್ವಿ, ಮೂಗಿಗೆ ಕಡ್ಡಿ ಹಾಕಿ ಟೆಸ್ಟ್ ಮಾಡಿ ಇನ್‌ಫ್ಲುಯೆಂಜಾ ಎ ಅಂದ್ರು. ಒಸೆಲ್ಟಾಮಿವಿರ್ ಅನ್ನೋ ಫ್ಲೂ ವೈರಸ್ ತಡೆಯೋ ಔಷಧಿ 75 ಮಿಲಿಗ್ರಾಂ ದಿನಕ್ಕೆರಡು, ಐದು ದಿನ ಬರ್ದಿದಾರೆ, ಅದನ್ನ ಬಂದ ತಕ್ಷಣ ಶುರು ಮಾಡಿದೀನಿ. ಅದರ ಜೊತೆ ಲಿಯಾನ್‌ಹುವಾ ಚಿಂಗ್‌ವೆನ್ ಅಂತ ಗಿಡಮೂಲಿಕೆ ಕ್ಯಾಪ್ಸೂಲ್, ಒಂದು ಹೊತ್ತಿಗೆ ನಾಲ್ಕು, ದಿನಕ್ಕೆ ಮೂರು ಹೊತ್ತು. ಅದನ್ನ ಇನ್ನೂ ಕೊಟ್ಟಿಲ್ಲ.

ಮಾವಂಗೆ 67, ಹತ್ತು ವರ್ಷದಿಂದ ಬಿಪಿ ಮಾತ್ರೆ ತಗೋತಾರೆ. ಆ ಗಡಿಬಿಡೀಲಿ ಡಾಕ್ಟ್ರಿಗೆ ಬಿಪಿ ವಿಷಯ ಹೇಳೋದೇ ಬಿಟ್ಟೋಯ್ತು. ನಿನ್ನೆಯಿಂದ ಪಕ್ಕದ ಮನೆಯವ್ರು ಹೇಳಿದ್ರು ಅಂತ ಗಾನ್‌ಮಾವ್‌ಲಿಂಗ್ ಅನ್ನೋ ಪುಡಿ ಬಿಸಿನೀರಲ್ಲಿ ಕಲಸಿ ಕೊಡ್ತಿದೀನಿ, ಊರಿಂದ ತಂದಿದ್ದ ಡೋಲೋ 650ನೂ ಕೊಡ್ತಿದೀನಿ, ಅತ್ತೆ ಬೇರೆ ಮೂರು ಹೊತ್ತೂ ಕಷಾಯ ಕಾಯಿಸ್ತಿದಾರೆ. ಇಷ್ಟೆಲ್ಲಾ ಒಂದೇ ಹೊಟ್ಟೆಗೆ ಹೋದ್ರೆ ಏನಾಗುತ್ತೋ ಅಂತ ಭಯ ಆಗ್ತಿದೆ. ಗೊತ್ತಿರೋರು ದಯವಿಟ್ಟು ಹೇಳಿ.

ಬಾಗಲಕೋಟಿ_ಹುಡುಗ:
ಅಕ್ಕಾರ, ನಾ ಚೀನಾದಾಗ ಎಂಬಿಬಿಎಸ್ ಮುಗಿಸಿ ಬಂದಾಂವ, ನಮಗ ಅಲ್ಲಿ ಚೀನೀ ವೈದ್ಯನೂ ಒಂದು ಸಬ್ಜೆಕ್ಟ್ ಇತ್ತು. ಮೊದಲ ಆ ಪುಡಿ ನಿಲ್ಲಸ್ರಿ. ಗಾನ್‌ಮಾವ್‌ಲಿಂಗ್ ಬರೇ ಗಿಡಮೂಲಿಕಿ ಅಂತ ಎಲ್ಲಾರೂ ತಿಳ್ಕೊಂಡಿರ್ತಾರ, ಆದ್ರ ಅದರ ಒಂದೊಂದು ಪೊಟ್ಟಣದಾಗ 200 ಮಿಲಿಗ್ರಾಂ ಪ್ಯಾರಾಸಿಟಮಾಲ್ ಐತಿ, ನಿದ್ದಿ ಮಂಪರು ತರೋ ಕ್ಲೋರ್‌ಫೆನಿರಮೈನ್ ಅನ್ನೋ ನೆಗಡಿ ಔಷಧ ಐತಿ, ಕೆಫೀನೂ ಐತಿ. ಡೋಲೋ ಅಂದ್ರನೂ ಪ್ಯಾರಾಸಿಟಮಾಲ್, ಅಂದ್ರ ಎರಡೂ ಕಡೆಯಿಂದ ಒಂದ ಔಷಧ ಹೊಟ್ಟಿಗೆ ಹೊಂಟೈತಿ, ಲಿವರಿಗೆ ಛಲೋ ಅಲ್ಲ. ಮಾವನವರು ದಿನಾ ಪೂರ್ತಿ ಮಂಪರಿನ್ಯಾಗ ಇದ್ರ ಅದು ಜ್ವರದಿಂದನೂ ಇರಬಹುದು, ಕ್ಲೋರ್‌ಫೆನಿರಮೈನ್‌ನಿಂದನೂ ಇರಬಹುದು. ಎರಡೂ ಪದ್ಧತಿ ಔಷಧ ಒಂದ ಪೊಟ್ಟಣದಾಗ ಹಾಕಿ ಮಾರೋದು ಅಲ್ಲಿ ರೂಢಿ ಐತ್ರಿ, ವಿಟಮಿನ್ ಸಿ ಯಿನ್‌ಚಿಯಾವ್ ಅನ್ನೋ ಮಾತ್ರ್ಯಾಗೂ ಹಿಂಗ ಪ್ಯಾರಾಸಿಟಮಾಲ್ ಇರ್ತೈತಿ. ಫೋನಿನ ಕ್ಯಾಮೆರಾದಿಂದ ಡಬ್ಬಿ ಮ್ಯಾಲಿಂದು ಅನುವಾದ ಮಾಡಿ ಓದದ ಏನೂ ಕೊಡಬ್ಯಾಡ್ರಿ.

ಇನ್ನ ಲಿಯಾನ್‌ಹುವಾ. ಅದರಾಗ 13 ಪದಾರ್ಥ ಅದಾವ, ಒಂದು ಮಾ ಹುವಾಂಗ್, ಅಂದ್ರ ಎಫಿಡ್ರಾ. ಅದರೊಳಗಿನ ಎಫಿಡ್ರಿನ್ ಬಿಪಿ ಏರಸ್ತೈತಿ, ಎದಿ ಬಡಿತ ಜೋರು ಮಾಡ್ತೈತಿ. ಜೇಷ್ಠಮಧುನೂ ಐತಿ, ಅದು ಜಾಸ್ತಿ ಆದ್ರ ಪೊಟ್ಯಾಸಿಯಂ ಇಳದು ಬಿಪಿ ಮ್ಯಾಲೆ ಹೋಗ್ತೈತಿ. ರೂಬಾರ್ಬ್ ಬೇರು ಇರೋದಕ್ಕ ಕೆಲವರಿಗೆ ಹೊಟ್ಟಿ ಸಡಲ ಆಗ್ತೈತಿ. ಬಿಪಿ, ಹೃದಯದ ತೊಂದ್ರಿ ಇದ್ದವ್ರು ಜಾಗ್ರತಿಯಿಂದ ತಗೋಬೇಕು ಅಂತ ಒಳಗಿನ ಚೀಟಿಯೊಳಗ ಬರದಾರ ನೋಡ್ರಿ. ಡಾಕ್ಟರ್‌ಗೆ ಬಿಪಿ ವಿಷಯ ತಿಳಿಸೋ ತನಕ ಅದನ್ನ ಮುಟ್ಟಬ್ಯಾಡ್ರಿ. ಒಸೆಲ್ಟಾಮಿವಿರ್ ಮಾತ್ರ ಒಂದು ಹೊತ್ತೂ ತಪ್ಪಸಬ್ಯಾಡ್ರಿ, ಜ್ವರ ಬಂದ 48 ತಾಸಿನ್ಯಾಗ ಚಾಲೂ ಮಾಡಿದ್ರನ ಅದರ ಪೂರ್ತಿ ಉಪಯೋಗ, ನೀವು ಟೈಮಿಗೆ ಸರಿಯಾಗಿ ಚಾಲೂ ಮಾಡೀರಿ. ಕಿಡ್ನಿ ತೊಂದ್ರಿ ಏನರ ಇದ್ರ ಅದನ್ನೂ ಹೇಳ್ರಿ, ಡೋಸ್ ಕಮ್ಮಿ ಮಾಡ್ತಾರ.

ಒಂಟಿಕೊಪ್ಪಲ್_ಮೇಷ್ಟ್ರು:
ಮೇಡಂ, ಮೇಲಿನವ್ರು ಹೇಳಿದ್ದು ಸರಿಯಾಗಿದೆ, ಆದ್ರೆ ಡಾಕ್ಟರ್ ಏನೋ ಸುಮ್ನೆ ಎರಡೂ ಬರ್ದಿದಾರೆ ಅನ್ಕೋಬೇಡಿ, ಇದಕ್ಕೆ ಹಿನ್ನೆಲೆ ಇದೆ. ನಾನು ಫಾರ್ಮಸಿ ಪಾಠ ಮಾಡೋನು, ಈ ವಿಷಯ ತುಂಬಾ ದಿನದಿಂದ ಓದ್ತಾ ಇದೀನಿ. 2009ರ ಎಚ್1ಎನ್1 ಟೈಮಲ್ಲಿ ಚೀನಾದ 11 ಆಸ್ಪತ್ರೆಗಳಲ್ಲಿ 410 ಜನರನ್ನ ನಾಲ್ಕು ಗುಂಪು ಮಾಡಿ ನೋಡಿದ್ರು, 2011ರಲ್ಲಿ ಪ್ರಕಟ ಆಯ್ತು. ಜ್ವರ ಇಳಿಯೋಕೆ ಏನೂ ಕೊಡದೇ ಇದ್ದೋರಿಗೆ 26 ಗಂಟೆ, ಒಸೆಲ್ಟಾಮಿವಿರ್ ಒಂದೇ ತಗೊಂಡೋರಿಗೆ 20, ಚೀನೀ ಕಷಾಯ ಒಂದೇ ಕುಡಿದೋರಿಗೆ 16, ಎರಡೂ ತಗೊಂಡೋರಿಗೆ 15. ನಿಮಗೆ ಕೊಟ್ಟಿರೋ ಕ್ಯಾಪ್ಸೂಲ್ ಇದೆಯಲ್ಲಾ, ಅದೂ ಆ ಕಷಾಯದ ಹಾಗೇ ಮಾಶಿಂಗ್ ಶಿಗಾನ್, ಯಿನ್‌ಚಿಯಾವ್ ಅನ್ನೋ ಎರಡು ಹಳೇ ಚೀನೀ ಔಷಧಿ ಮಿಶ್ರಣಗಳನ್ನ ಆಧಾರವಾಗಿ ಇಟ್ಕೊಂಡು ಮಾಡಿರೋದು.

ಆದ್ರೆ ಗಮನಿಸಿ, ಕಷಾಯ ಒಂದೇ ಕುಡಿದೋರಿಗೂ ಎರಡೂ ತಗೊಂಡೋರಿಗೂ ಒಂದೇ ಗಂಟೆ ವ್ಯತ್ಯಾಸ. ಅದರಲ್ಲಿದ್ದೋರೆಲ್ಲಾ 15ರಿಂದ 59 ವರ್ಷದೋರು, ಕಾಯಿಲೆ ತೀವ್ರ ಇರ್ಲಿಲ್ಲ, ಡಮ್ಮಿ ಔಷಧಿ ಕೊಟ್ಟು ಹೋಲಿಸಿದ್ದೂ ಅಲ್ಲ. 67 ವರ್ಷದ ಬಿಪಿ ಇರೋ ನಿಮ್ಮ ಮಾವನಂಥೋರು ಆ ಲೆಕ್ಕದಲ್ಲೇ ಇಲ್ಲ. 2020ರಲ್ಲಿ ಕೋವಿಡ್‌ಗೆ ಇದೇ ಕ್ಯಾಪ್ಸೂಲನ್ನ ಮಾಮೂಲಿ ಚಿಕಿತ್ಸೆ ಜೊತೆ ಸೇರಿಸಿ 284 ಜನರಲ್ಲಿ ನೋಡಿದಾಗಲೂ ಲಕ್ಷಣ ಕಮ್ಮಿ ಆಗೋಕೆ 10 ದಿನದ ಬದಲು 7 ದಿನ ಸಾಕಾಯ್ತು, ವೈರಸ್ ಹೋಗೋದು ಮಾತ್ರ ಬೇಗ ಆಗ್ಲಿಲ್ಲ, ಯಾರಿಗೆ ಯಾವ ಔಷಧಿ ಅಂತ ಡಾಕ್ಟರಿಗೂ ರೋಗಿಗೂ ಮೊದಲೇ ಗೊತ್ತಿತ್ತು. ಹಾಗಾಗಿ ಕೆಲವು ಗಂಟೆ ಮುಂಚೆ ಜ್ವರ ಇಳಿಯುತ್ತೆ ಅನ್ನೋ ಆಸೆಗೆ ಬಿಪಿ ಏರಿಸ್ಕೊಳ್ಳೋದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಹಾಂಗ್‌ಕಾಂಗ್_ಕನ್ನಡಿಗ:
2003ರಲ್ಲಿ ಸಾರ್ಸ್ ಅನ್ನೋ ಶ್ವಾಸಕೋಶದ ಸಾಂಕ್ರಾಮಿಕ ರೋಗ ಬಂದಾಗ ನಾನು ಇಲ್ಲೇ ಹಾಂಗ್‌ಕಾಂಗ್‌ನಲ್ಲಿದ್ದೆ. ನಿಮ್ಮ ಗುವಾಂಗ್‌ಝೌನಲ್ಲಿ ಆಗ ಜನ ಬಾನ್‌ಲಾನ್‌ಗೆನ್ ಬೇರಿನ ಪುಡಿಗೂ ವಿನೆಗರ್‌ಗೂ ಮುಗಿಬಿದ್ದಿದ್ರು. ಇಲ್ಲಿ ಆಸ್ಪತ್ರೆಗಳಲ್ಲಿ ಜಾಸ್ತಿ ಡೋಸ್ ಸ್ಟೀರಾಯ್ಡ್ ಕೊಟ್ರು, ಬದುಕಿದೋರಲ್ಲಿ ಕೆಲವರಿಗೆ ಆಮೇಲೆ ಸೊಂಟದ ಹತ್ರ ಮೂಳೆಗೆ ರಕ್ತ ಸಿಗದೆ ಅದು ಹಾಳಾಗಿ ನಡೆಯೋದೇ ಕಷ್ಟ ಆಯ್ತು, ಅವರ ಕಷ್ಟ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಗುವಾಂಗ್‌ಡಾಂಗ್‌ನಿಂದ ಇಬ್ಬರು ಚೀನೀ ವೈದ್ಯ ತಜ್ಞರನ್ನ ಕರೆಸಿದ್ರು, ಎರಡೂ ಕೂಡಿಸಿದ್ರೆ ಸ್ಟೀರಾಯ್ಡ್ ಕಮ್ಮಿ ಮಾಡ್ಬಹುದು ಅನ್ನೋ ಆಸೆ ಆಗ ಎಲ್ಲರಿಗೂ ಇತ್ತು. ಆಮೇಲೆ ವೈದ್ಯಕೀಯ ಪ್ರಯೋಗಗಳನ್ನ ಒಟ್ಟಿಗೆ ಪರಿಶೀಲಿಸೋ ಕಾಕ್ರೇನ್ ಸಂಸ್ಥೆಯೋರು ಹೀಗೆ ಎರಡೂ ಕೂಡಿಸಿ ಕೊಟ್ಟ, ಒಟ್ಟು 640 ಸಾರ್ಸ್ ರೋಗಿಗಳ ಪ್ರಯೋಗಗಳನ್ನ ಒಟ್ಟು ಹಾಕಿ ನೋಡಿದಾಗ ಲಕ್ಷಣಗಳಿಗೆ, ಶ್ವಾಸಕೋಶದ ಕಲೆ ಕರಗೋದಕ್ಕೆ ಸ್ವಲ್ಪ ಅನುಕೂಲ ಇರಬಹುದು ಅಂತ ಕಾಣಿಸ್ತು, ಸಾವು ಕಮ್ಮಿ ಆಗಿದ್ದು ಕಾಣ್ಲಿಲ್ಲ. ಸೊಸೆಯವ್ರೆ, ಉಸಿರಾಡೋಕೆ ಕಷ್ಟ ಆದ್ರೆ, ಎದೆ ನೋವು ಬಂದ್ರೆ, ತುಂಬಾ ಮಂಕಾದ್ರೆ ಇದ್ಯಾವುದನ್ನೂ ಕಾಯದೆ ನೇರ ಎಮರ್ಜೆನ್ಸಿಗೆ ಕರ್ಕೊಂಡ್ಹೋಗಿ.

ದಾವಣಗೆರೆ_ಸೊಸೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಬಾಗಲಕೋಟೆ ಅಣ್ಣ ಹೇಳಿದ್ಮೇಲೆ ಡಬ್ಬಿ ಓದಿದೆ, ಪ್ಯಾರಾಸಿಟಮಾಲ್ ಇರೋದು ನಿಜ, ಪುಡಿ ಆಗ್ಲೇ ನಿಲ್ಲಿಸ್ದೆ. ಬಿಪಿ ನೋಡಿದ್ರೆ 164/96 ಇತ್ತು, ಕ್ಯಾಪ್ಸೂಲ್ ಕೊಡದೇ ಇದ್ದಿದ್ದೇ ಒಳ್ಳೇದಾಯ್ತು. ನಮ್ಮನೆಯವ್ರು ಆಸ್ಪತ್ರೆಗೆ ಫೋನ್ ಮಾಡಿ ಬಿಪಿ ವಿಷಯ ಹೇಳಿದ್ರು, ಹಾಗಾದ್ರೆ ಕ್ಯಾಪ್ಸೂಲ್ ಬೇಡ, ಒಸೆಲ್ಟಾಮಿವಿರ್ ಮತ್ತೆ ಬಿಪಿ ಮಾತ್ರೆ ಬಿಡ್ಬೇಡಿ, ಜ್ವರ ಜಾಸ್ತಿ ಇದ್ದಾಗ ಮಾತ್ರ ಡೋಲೋ ಅಂದ್ರು. ಈಗ ಜ್ವರ 37.8, ಗಂಜಿ ಕುಡಿದ್ರು. ಇನ್ನೊಂದು, ಅತ್ತೆ ಕಷಾಯಕ್ಕೆ ಏನೇನು ಹಾಕ್ತಿದಾರೆ ಅಂತ ಕೇಳಿದ್ರೆ ಊರಿಂದ ತಂದಿದ್ದ ಜೇಷ್ಠಮಧುನೂ ಹಾಕ್ತಿದ್ರಂತೆ, ದಿನಕ್ಕೆ ಮೂರು ಸಲ. ಅದನ್ನ ಬಿಡ್ಸಿ ಬರೀ ಶುಂಠಿ ತುಳಸಿ ಹಾಕಿ ಅಂದಿದೀನಿ.