ಹಸಿ ಕಾಂಕ್ರೀಟಿಗೆ ಬಣ್ಣ: ಮೇಸ್ತ್ರಿಯನ್ನು ಕೇಳಿ

ಮೇಸ್ತ್ರಿ, ಬಳ್ಳಾರಿ: ಬಣ್ಣದ ಕಾಂಕ್ರೀಟ್ ನೆಲ ಮಾಡುವುದೇ ನನ್ನ ಕೆಲಸ. ಇವತ್ತು ಸಂಜೆವರೆಗೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಕೊಪ್ಪಳದ ಸದಸ್ಯರು: ನಮಸ್ಕಾರ ಅಣ್ಣಾ. ಕಲಸುವಾಗಲೇ ಬಣ್ಣ ಬೆರೆಸಿದರೆ ಮೂಟೆಗೆ ಎಷ್ಟು ಹಾಕಬೇಕು?

ಮೇಸ್ತ್ರಿ: ನಮಸ್ಕಾರ. 50 ಕೆಜಿ ಸಿಮೆಂಟಿಗೆ ಎರಡೂವರೆ ಕೆಜಿ ಐರನ್ ಆಕ್ಸೈಡ್ ಸಾಕು. 5 ಕೆಜಿ ದಾಟಬೇಡಿ. ದಾಟಿದರೆ ಬಣ್ಣ ಏರುವುದಿಲ್ಲ, ಗಟ್ಟಿತನ ಇಳಿಯುತ್ತದೆ. ತೂಕ ಮಾಡಿಯೇ ಹಾಕಿ. ಬೊಗಸೆ ಲೆಕ್ಕದಲ್ಲಿ ಒಂದೊಂದು ಮಿಕ್ಸರಿಗೆ ಒಂದೊಂದು ಬಣ್ಣ ಬರುತ್ತದೆ.

ಸಿಂಧನೂರಿನ ಸದಸ್ಯೆ: ಅಣ್ಣಾ, ಇವತ್ತು ಬೆಳಿಗ್ಗೆ 10ಕ್ಕೆ ಮನೆ ಮುಂದಿನ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದೆವು. ಮೇಲೆ ನೀರು ನಿಂತಿತ್ತು. ಕೆಲಸದವರು ಅದರ ಮೇಲೇ ಕೆಂಪು ಪುಡಿ ಉದುರಿಸಿ ತಾಪಿ (ಕರಣೆ) ಎಳೆದರು. ಈಗ ಅಂಚಿನಲ್ಲಿ ಬೆರಳು ತಾಗಿಸಿದರೆ ಹಪ್ಪಳದ ಹಾಗೆ ಏಳುತ್ತಿದೆ. ಆಸಿಡ್ ಬಳಿದರೆ ಬಣ್ಣ ಹಿಡಿಯುತ್ತದೆ ಅಂತ ತಮ್ಮನಿಗೆ ಮೆಸೇಜ್ ಬಂದಿದೆ. ತರಿಸಲಾ?

ಮೇಸ್ತ್ರಿ: ಅಕ್ಕಾ, ಆಸಿಡ್ ತರಿಸಬೇಡಿ. ಮೊದಲು ಅದು.

ಕಾಂಕ್ರೀಟ್ ಹಾಕಿದ ಮೇಲೆ ಭಾರದ ಜಲ್ಲಿ, ಮರಳು ಕೆಳಗೆ ಕೂರುತ್ತದೆ, ನೀರು ಮೇಲೆ ಬರುತ್ತದೆ. ಅದು ತಾನಾಗಿ ಆರಿ ಹೊಳಪು ಹೋಗುವವರೆಗೆ ಯಾರೂ ಮುಟ್ಟಬಾರದು. ನಿಮ್ಮವರು ಕಾಯಲಿಲ್ಲ. ನೀರಿಗೆ ಬಿದ್ದ ಪುಡಿ ಬರೀ ಕೆಸರಾಯಿತು. ತಾಪಿ ಎಳೆದಾಗ ಇನ್ನೂ ಏಳಬೇಕಿದ್ದ ನೀರು ಅದರ ಕೆಳಗೇ ಸಿಕ್ಕಿಕೊಂಡಿತು. ಈಗ ಹಪ್ಪಳ ಏಳುತ್ತಿರುವುದು ಅದಕ್ಕೇ.

ಸರಿಯಾದ ಕ್ರಮ ಹೀಗೆ: ನೀರು ಆರಿದ ಮೇಲೆ ಪುಡಿಯ (ಬರೀ ಆಕ್ಸೈಡ್ ಅಲ್ಲ, ಸಿಮೆಂಟ್, ಮರಳು, ಬಣ್ಣ ಬೆರೆತು ಬರುವ ಪುಡಿ) ಮೂರರಲ್ಲಿ ಎರಡು ಪಾಲು ಉದುರಿಸಬೇಕು. ಅದು ಕೆಳಗಿನ ತೇವ ಹೀರಿ ಬಣ್ಣ ಗಾಢವಾಗುವವರೆಗೆ ಕಾದು, ಕಟ್ಟಿಗೆ ಹಲಗೆಯಿಂದ ಒಳಗೆ ಸೇರಿಸಬೇಕು. ಉಳಿದ ಒಂದು ಪಾಲು ಆಮೇಲೆ, ತೆಳುವಾದ ಕಡೆ. ಒಟ್ಟು ಚದರ ಮೀಟರಿಗೆ ಸುಮಾರು 3 ಕೆಜಿ. ಕೊನೆಗೆ ತಾಪಿ. ಒಣಗಿತು ಅಂತ ಮೇಲೆ ನೀರು ಚಿಮುಕಿಸುವ ಹಾಗಿಲ್ಲ.

ಈಗ ಕೆರೆಯಬೇಡಿ. ನೆರಳು ಮಾಡಿ, ಗಾಳಿ ತಡೆಯಿರಿ. ನಾಳೆ ಗಟ್ಟಿಯಾದ ಮೇಲೆ ಸುತ್ತಿಗೆಯ ಕಟ್ಟಿಗೆ ಹಿಡಿಯಿಂದ ಮೆಲ್ಲಗೆ ಬಡಿದು ಕೇಳಿ. ಪೊಳ್ಳು ಸದ್ದು ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಗಟ್ಟಿ ಉಳಿದದ್ದು ಉಳಿಯಲಿ. ಪೊಳ್ಳು ಭಾಗವನ್ನು 28 ದಿನ ಆದ ಮೇಲೆ ಉಜ್ಜಿ ತೆಗೆದು ತೆಳು ಪದರ ಹಾಕಬಹುದು.

ಕೆಲಸದವರು ಕಾಲಿಗೆ ಏನು ಹಾಕಿದ್ದರು?

ಸಿಂಧನೂರಿನ ಸದಸ್ಯೆ: ಬರಿಗಾಲು. ಒಬ್ಬ ಹುಡುಗ ಮೊಣಕಾಲೂರಿ ತಾಪಿ ಎಳೆದ. ಈಗ ಉರಿ ಅಂತಿದ್ದಾನೆ.

ಮೇಸ್ತ್ರಿ: ಹಸಿ ಸಿಮೆಂಟ್ ಸುಣ್ಣದ ಹಾಗೆ ಚರ್ಮ ಸುಡುತ್ತದೆ. ಮೊದಲು ಗೊತ್ತೇ ಆಗುವುದಿಲ್ಲ. ಪ್ಯಾಂಟ್ ತೆಗೆಸಿ, ಹರಿಯುವ ನೀರಿನಲ್ಲಿ 20 ನಿಮಿಷ ತೊಳೆಯಿರಿ. ಎಣ್ಣೆ ಹಚ್ಚಬೇಡಿ. ಇವತ್ತೇ ಡಾಕ್ಟರಿಗೆ ತೋರಿಸಿ. ಅಂಗಳ ಕಾಯುತ್ತದೆ.

ಗಂಗಾವತಿಯ ಸದಸ್ಯರು: ಮೂಟೆಗೆ ಬಣ್ಣ ಎಷ್ಟು ಸರ್?

ಮೇಸ್ತ್ರಿ: ಮೇಲೆ ಹೇಳಿದ್ದೇನೆ.

ರಾಯಚೂರಿನ ಸದಸ್ಯರು: ಬೇಸಿಗೆಯಲ್ಲಿ ಬೇಗ ಗಟ್ಟಿಯಾಗದಿರಲು ಕಲಸುವಾಗ ಒಂದು ಹಿಡಿ ಸಕ್ಕರೆ ಹಾಕಬೇಕಂತೆ. ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ.

ಮೇಸ್ತ್ರಿ: ಉಪಯೋಗ ಆಗುವುದಿಲ್ಲ, ಅನಾಹುತ ಆಗುತ್ತದೆ. ಅಳತೆ ತಪ್ಪಿದರೆ ದಿನಗಟ್ಟಲೆ ಗಟ್ಟಿಯಾಗುವುದೇ ಇಲ್ಲ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅದಕ್ಕೆ ಬೆಳಗಿನ 5ಕ್ಕೆ ಶುರು ಮಾಡಿ, ಜಲ್ಲಿಯನ್ನು ನೆರಳಲ್ಲಿಡಿ, ತಣ್ಣೀರು ಬಳಸಿ. ಇಂಥ ಮೆಸೇಜ್ ಇಲ್ಲಿ ಹಾಕಬೇಡಿ, ದಯವಿಟ್ಟು.

ಹೊಸಪೇಟೆಯ ಸದಸ್ಯರು: ಇದೆಲ್ಲ ಯಾಕೆ? ನಮ್ಮಜ್ಜನ ಮನೆಯ ರೆಡ್ ಆಕ್ಸೈಡ್ ನೆಲ ಇನ್ನೂ ಕನ್ನಡಿ ಇದ್ದ ಹಾಗಿದೆ.

ಕೊಪ್ಪಳದ ಸದಸ್ಯರು: ಅದು ಮನೆ ಒಳಗೆ. ಅಂಗಳದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ನೋಡಿ.

ಹೊಸಪೇಟೆಯ ಸದಸ್ಯರು: ಮಾಡುವವರಿಗೆ ಕೈ ಬರಬೇಕು. ಈಗಿನವರಿಗೆ ಅಚ್ಚು ಒತ್ತುವುದಷ್ಟೇ ಗೊತ್ತು.

ಕೊಪ್ಪಳದ ಸದಸ್ಯರು: ಯಾರಿಗೆ ಅಂತಿದ್ದೀರಿ? ನಾನೂ ಇದೇ ಕೆಲಸ ಮಾಡೋನು.

ಹೊಸಪೇಟೆಯ ಸದಸ್ಯರು: ಹಾಗಾದರೆ ಮೂಟೆಗೆ ಬಣ್ಣ ಎಷ್ಟು ಅಂತ ಇಲ್ಲಿ ಬಂದು ಯಾಕೆ ಕೇಳಿದಿರಿ?

ಮಾನ್ವಿಯ ಸದಸ್ಯರು: ಚದರ ಅಡಿಗೆ ರೇಟ್ ಎಷ್ಟು ಹೇಳಿ ಸರ್.

ಮೇಸ್ತ್ರಿ: ಕೇಳುವುದು ತಪ್ಪಲ್ಲ. ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಸಂಡೂರಿನ ಸದಸ್ಯರು: ಕ್ಯೂರಿಂಗಿಗೆ, ಅಂದರೆ ತೇವ ಬೇಗ ಆರದಿರಲಿ ಅಂತ, ಗೋಣಿಚೀಲ ಹೊದಿಸಿದ್ದೆ. ಈಗ ಬಣ್ಣದ ನೆಲದ ಮೇಲೆ ಕಂದು ಕಲೆ. ಅಲ್ಲಲ್ಲಿ ಬಿಳಿ ಪುಡಿ ಬೇರೆ.

ಮೇಸ್ತ್ರಿ: ಕಂದು ಕಲೆ ಗೋಣಿಯದು. ಬಣ್ಣದ ನೆಲಕ್ಕೆ ಒದ್ದೆ ಗೋಣಿ, ಪ್ಲಾಸ್ಟಿಕ್ ಹಾಳೆ ಎರಡೂ ಬೇಡ, ಕಲೆ ಮೂಡುತ್ತದೆ. ಬಣ್ಣದ ನೆಲಕ್ಕೆಂದೇ ಬರುವ ಕ್ಯೂರಿಂಗ್ ದ್ರಾವಣ ಹೊಡೆಯಬೇಕು. ಬಿಳಿ ಪುಡಿ ಒಳಗಿನ ಸುಣ್ಣ, ನೀರಿನ ಜೊತೆ ಮೇಲೆ ಬಂದದ್ದು. ಬಣ್ಣ ಹೋಗಿಲ್ಲ. ಒಣ ಬ್ರಷ್‌ನಿಂದ ಉಜ್ಜಿ.

ಗಂಗಾವತಿಯ ಸದಸ್ಯರು: ಮೇಲೆ ಎಲ್ಲಿ ಹೇಳಿದ್ದೀರಿ? ಸಿಗುತ್ತಿಲ್ಲ.

ರಾಯಚೂರಿನ ಸದಸ್ಯರು: ಸಕ್ಕರೆ ವಿಷಯ ಒಬ್ಬ ಇಂಜಿನಿಯರ್ ಹೇಳಿದ್ದು. ಮೇಸ್ತ್ರಿಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತೆ ಅಲ್ವಾ?

ಮೇಸ್ತ್ರಿ: ಹಾಗಿದ್ದರೆ ಅವರನ್ನೇ ಕೇಳಿ. ಹಾಳಾಗುವುದು ನಿಮ್ಮ ಅಂಗಳ.

ಸಿಂಧನೂರಿನ ಸದಸ್ಯೆ: ಅಣ್ಣಾ, ತೊಳೆಸಿದೆ. ಎರಡೂ ಮೊಣಕಾಲು ಕೆಂಪಾಗಿ ಸಿಪ್ಪೆ ಎದ್ದಿದೆ. ಆಸ್ಪತ್ರೆಗೆ ಹೊರಟಿದ್ದೇವೆ.

ಮೇಸ್ತ್ರಿ: ಸಿಮೆಂಟ್ ಸುಟ್ಟದ್ದು ಅಂತ ಡಾಕ್ಟರಿಗೆ ಬಿಡಿಸಿ ಹೇಳಿ ಅಕ್ಕಾ. ಅವರು ಏನಂದರು ಅಂತ ನನಗೂ ತಿಳಿಸಿ. ಬೇರೆಯವರ ಪ್ರಶ್ನೆ ನಾಳೆ ನೋಡುತ್ತೇನೆ.