ದಾವಣಗೆರೆಗೆ ಹೇಳ್ಕೊಳ್ಳೋವಂಥ ಹಿಸ್ಟರಿನೇ ಇಲ್ವಾ?

ಪೇಟೆಹುಡುಗ: ಆಫೀಸಲ್ಲಿ ಚಿತ್ರದುರ್ಗದವ್ನೊಬ್ಬ ದಿನಾ ಕಾಡ್ತಾನೆ, ನಮಗೆ ಏಳುಸುತ್ತಿನ ಕೋಟೆ ಐತೆ, ಒನಕೆ ಓಬವ್ವ ಅದಾಳೆ, ನಿಮಗೇನೈತಲೇ ಬೆಣ್ಣೆದೋಸೆ ಬಿಟ್ರೆ ಅಂತ. ಹುಟ್ಟಿ ಬೆಳೆದಿದ್ದೆಲ್ಲ ದಾವಣಗೆರೆಲೇ, ಆದ್ರೂ ಬಾಯಿ ಬಿಡಕ್ಕಾಗ್ಲಿಲ್ಲ. ಗೊತ್ತಿರೋರು ಹೇಳ್ರಪ್ಪ. ನಮ್ಮೂರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಲ್ಲ, ಆ ಬಟ್ಟೆ ಮಿಲ್ಲುಗಳು ಎಲ್ಲಿ ಹೋದ್ವು?

ಚೌಕಿಪೇಟೆ_ಅಣ್ಣ: ನಮ್ದು ರಾಜ್ರು ಕಟ್ಟಿದ ಊರಲ್ಲ, ಸಾಹುಕಾರ್ರು ಕಟ್ಟಿದ್ದು ಅನ್ನು ಅವ್ನಿಗೆ. ಹೈದರಾಲಿ ಇದನ್ನ ಅಪೋಜಿ ರಾಮ ಅನ್ನೋ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಆತ ವ್ಯಾಪಾರಸ್ಥರನ್ನ ಕರ್ಕೊಂಬಂದು ಕೂರ್ಸಿದ, ಊರು ಬೆಳೆದಿದ್ದೇ ಹಂಗೆ. ಮಲೆನಾಡಿನ ಅಡಿಕೆ, ಮೆಣಸು ನಮ್ಮೋರ ಕೈಯಿಂದ ತಮಿಳುನಾಡಿನ ವಾಲಾಜಾಪೇಟೆವರೆಗೂ ಹೋಗೋದು, ಬರ್ತಾ ಮದ್ರಾಸ್ ಬಂದರಿಗೆ ಇಳಿದ ಮಾಲು ತರೋರು. ಇಲ್ಲಿ ಕಂಬ್ಳಿಗೂ ಭಾರಿ ಹೆಸರಿತ್ತು. ಹಳೇ ಊರಲ್ಲಿ ಮಂಡಿಪೇಟೆ, ದೊಡ್ಡಪೇಟೆ, ಚೌಕಿಪೇಟೆ ಅಂತ ಬರೀ ಪೇಟೆಗಳೇ ಯಾಕದಾವೆ ಅನ್ಕೊಂಡೆ ಮತ್ತೆ?

ಗಿರಣಿಮಗ: ಮಿಲ್ಲಿನ ವಿಷ್ಯ ನಾನು ಹೇಳ್ತೀನಿ. ನಮ್ಮಪ್ಪ ಸ್ಪಿನ್ನಿಂಗಲ್ಲಿದ್ರು, ಶಿಫ್ಟ್ ಮುಗಿಸಿ ಬಂದ್ರೆ ತಲೆ ಹುಬ್ಬು ಕಿವಿ ಎಲ್ಲಾ ಬೆಳ್ಳಗೆ, ಹತ್ತಿ ನಾರು ಅಂಟಿರೋದು, ಅವ್ವ ಬಾಗ್ಲಲ್ಲೇ ನಿಲ್ಸಿ ಟವೆಲ್ ತಗೊಂಡು ಕೊಡವೋಳು ಆಮೇಲೇ ಒಳಗೆ. ಸುತ್ತ ಎರೆಹೊಲದಲ್ಲಿ ಹತ್ತಿ ಬೆಳೀತಿದ್ರು ಅಂತ ಮಿಲ್ ಬಂದಿದ್ದು. ಆಮೇಲೆ ಭದ್ರಾ ಚಾನಲ್ ನೀರು ಬಂತು, ನೀರು ಸಿಕ್ಕೋರು ಭತ್ತಕ್ಕೆ ಹೋದ್ರು, ಪವರ್‌ಲೂಮ್ ಬಟ್ಟೆ ಅಗ್ಗ ಆಯ್ತು, ನಮ್ಮ ಮಷಿನ್ನು ಹಳೇವು, ಒಂದೊಂದಕ್ಕೇ ಬೀಗ ಬಿತ್ತು. ಈಗ ಊರಿನ ಹೆಸರು ನಡೀತಿರೋದು ಮಂಡಕ್ಕಿ ಭಟ್ಟಿ ಮೇಲೆ. ಕಾದ ಮರಳಿಗೆ ಉಪ್ಪುನೀರಿನ ಅಕ್ಕಿ ಹಾಕಿ ನಾಲ್ಕು ಸಲ ತಿರುವೋದ್ರಲ್ಲಿ ಅರಳಿರುತ್ತೆ, ಆ ಶಾಖದ ಮುಂದೆ ನಿಂತು ಕೆಲ್ಸ ಮಾಡೋರಿಗೂ ಒಂದು ಹಿಸ್ಟರಿ ಬರೀಬೇಕು ಯಾರಾದ್ರೂ.

ಹೊನ್ನಾಳಿಯವ: ದುರ್ಗದವ್ನು ಬೀಗಿದ್ರೆ ತಪ್ಪೇನು, 1997ರ ಆಗಸ್ಟ್ 15ರವರೆಗೆ ನೀವು ಅವ್ರ ಜಿಲ್ಲೆನೇ 😄 ಜೆ.ಎಚ್. ಪಟೇಲ್ರು ಸಿಎಂ ಆಗಿದ್ದಾಗ ಬೇರೆ ಆಗಿದ್ದು. ನಮ್ಮ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದ್ವು, ಬಳ್ಳಾರಿಯಿಂದ ಬಂದ ಹರಪನಹಳ್ಳಿ ವಾಪಸ್ ಬಳ್ಳಾರಿಗೆ ಹೋಗಿ ಈಗ ವಿಜಯನಗರ ಜಿಲ್ಲೆ.

ಪೇಟೆಹುಡುಗ: ಥ್ಯಾಂಕ್ಸ್ ಎಲ್ರಿಗೂ. ಅಡಿಕೆ ಮೆಣಸಿನ ಕಥೆ ಇವತ್ತು ಅವ್ನಿಗೆ ಹೇಳ್ದೆ. ಪೂರ್ತಿ ಕೇಳಿ, "ಎಲ್ಲಾ ಸರಿ, ದೋಸೆ ಯಾವಾಗ ಕೊಡಿಸ್ತೀಯ" ಅಂದ.